ಪಟ್ಟಿಯೂ ಎಣಿಕೆಯೂ

‘ಅಪರೂಪ’ ಎಂಬ ಶಬ್ದದ ಕಥೆ ವಿನೋದವಾಗಿದೆ. ಸಂಸ್ಕೃತ ನಿಘಂಟಿನಲ್ಲಿ ಅದಕ್ಕೆ ವಿಕಾರ, ರೂಪಗೇಡು ಎಂಬ ಅರ್ಥವಿದೆ. ಕನ್ನಡದಲ್ಲಿ ಮನೆಮಾಡಿದ ಮೇಲೆ ಅದು ‘ಸುಲಭವಾಗಿ ಸಿಕ್ಕದ್ದು’ ಎಂದಾಯಿತು. ಸುಲಭವಾಗಿ ಸಿಕ್ಕದ್ದೆಲ್ಲ ಬೆಲೆಯುಳ್ಳದ್ದೆಂಬ ನಮ್ಮ ನಂಬಿಕೆಯಿಂದಾಗಿ ‘ಮೆಚ್ಚತಕ್ಕದ್ದು’ ಎಂದೂ ಆಯಿತು. ವರ್ಷಕ್ಕೊಮ್ಮೆ ಬರುವ ನೆಂಟರನ್ನು ‘ಏನು, ಬಹಳ ಅಪರೂಪವಾದಿರಲ್ಲ!’ ಎಂದು ಬಾಗಿಲಿಗೇ ಹೋಗಿ ಎದುರುಗೊಳ್ಳುತ್ತೇವೆ. ದಿನವೂ ಬರುವ ಪಕ್ಕದ ಮನೆಯವರಿಗೆ, ಓದುತ್ತಿರುವ ಪತ್ರಿಕೆಯಿಂದ ತಲೆಯೆತ್ತದೆಯೇ ಕುರ್ಚಿ ತೋರಿಸುತ್ತೇವೆ. ಜ್ವರ ಬಂದ ರಾತ್ರಿ ಡಾಕ್ಟರನ್ನು ಕರೆತರುವವರು ಈ ಎರಡನೆಯವರೇ ಎಂಬುದು ಬೇರೆ ಮಾತು.

ಅಭಾವವೇ ಬೆಲೆಯನ್ನು ನಿರ್ಧರಿಸುತ್ತದೆ ಎಂಬುದು ಪೇಟೆಯ ನ್ಯಾಯ. ಬೆಳೆ ಕೆಟ್ಟ ವರ್ಷ ಈರುಳ್ಳಿಗೂ ಮರ್ಯಾದೆ ಬರುತ್ತದೆ. ಸರಕಿನ ಮಟ್ಟಿಗೆ ಈ ನ್ಯಾಯ ಇದ್ದುಕೊಳ್ಳಲಿ. ಜೀವಿಗಳ ಮಟ್ಟಿಗೂ ಅದು ಸಲ್ಲುತ್ತದೆಯೆ? ಒಂದು ಜೀವಿ ವಿರಳವಾಗಿದೆ ಎಂಬ ಕಾರಣದಿಂದ ಅದರ ಬೆಲೆ ಹೆಚ್ಚುತ್ತದೆಯೆ? ಹೆಚ್ಚುವುದಾದರೆ, ಹೇರಳವಾಗಿರುವ ಜೀವಿಯ ಬೆಲೆ ಅಷ್ಟರಮಟ್ಟಿಗೆ ಇಳಿಯಿತೆನ್ನಬೇಕಲ್ಲವೆ? ಬೀದರ ಜಿಲ್ಲೆಯ ನೀರಿನಂಚಿನಲ್ಲಿ ಒಂದು ದಿನ ಕಳೆದ ಮೇಲೆ ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವುದು ನನಗೆ ಸಾಧ್ಯವಾಗಿಲ್ಲ.

ಹುಮನಾಬಾದ್, ಬಸವಕಲ್ಯಾಣಗಳ ಕಡೆಗೆ ಕಡಲಹಕ್ಕಿಗಳನ್ನು ನೋಡಲು ಹೊರಟಿದ್ದೇವೆಂದರೆ ಕೇಳಿದವರು ನಗುತ್ತಾರೆ. ಬಸವಕಲ್ಯಾಣದಿಂದ ಪಡುವಣ ಕಡಲಿಗೆ ಹಕ್ಕಿ ಹಾರುವ ನೇರದಲ್ಲಿಯೇ ಸುಮಾರು 400 ಕಿಲೋಮೀಟರು. ತೊಗರಿ, ಜೋಳ, ಕಡಲೆಗಳ ಬಯಲುನಾಡು ಅದು. ಒಂದು ಕಡೆ ಜಂಬಿಟ್ಟಿಗೆಯ ಕೆಂಪು ನೆಲ, ಇನ್ನೊಂದು ಕಡೆ ಎರೆಮಣ್ಣು. ಆದರೆ ಹಕ್ಕಿಗಳು ನಮ್ಮ ಭೂಗೋಳದ ಪಾಠವನ್ನು ಓದಿದವುಗಳಲ್ಲ. ಕಂದುತಲೆಯ ಕಡಲಕ್ಕಿ ಎಂಬ ಹೆಸರಿನ ಹಕ್ಕಿ ಮರಿಮಾಡುವುದು ಸಮುದ್ರದಿಂದ ಬಹುದೂರದ ಲಡಾಖ್, ಟಿಬೆಟ್ಟು, ಮಧ್ಯ ಏಷ್ಯಗಳ ಎತ್ತರದ ಸರೋವರಗಳಲ್ಲಿ. ಚಳಿಗಾಲಕ್ಕೆ ಅದು ಕಡಲತೀರಕ್ಕೆ ಹೋಗುವುದುಂಟು. ದಾರಿಯಲ್ಲಿ ವಿಸ್ತಾರವಾದ ನೀರು ಕಂಡರೆ ಅಲ್ಲಿಯೇ ಇಳಿಯುವುದೂ ಉಂಟು. ‘ಕಡಲಕ್ಕಿ’ ಎಂಬುದು ನಾವಿಟ್ಟ ಹೆಸರು. ಅದಕ್ಕೆ ಬೇಕಾದದ್ದು ನೀರು, ಮೀನು ಮತ್ತು ನೆಮ್ಮದಿ.

ಆ ನೀರನ್ನು ಅಲ್ಲಿ ಒದಗಿಸಿದ್ದು ಕಾರಂಜಾ ಜಲಾಶಯ. ಮಂಜೀರಾ ನದಿಯನ್ನು ಸೇರುವ ಕಾರಂಜಾ ಹೊಳೆಗೆ ಭಾಲ್ಕಿ ತಾಲ್ಲೂಕಿನಲ್ಲಿ ಕಟ್ಟಿದ ಅಣೆಕಟ್ಟು ಅದು. ಬಸವಕಲ್ಯಾಣ ತಾಲ್ಲೂಕಿನಲ್ಲಿ ಚುಳಕಿ ನಾಲಾ ಎಂಬ ಇನ್ನೊಂದು, ಚಿಕ್ಕ ಜಲಾಶಯವಿದೆ. ಎರಡನ್ನೂ ಕಟ್ಟಿದ್ದು ಹೊಲಗಳಿಗಾಗಿ. ಹಕ್ಕಿಗಳ ವಿಚಾರ ಯಾವ ನಕಾಶೆಯಲ್ಲಿಯೂ ಇರಲಿಲ್ಲ. ಮಳೆಗಾಲದ ಕೊನೆಗೆ ತುಂಬಿದ ನೀರು ಚಳಿಗಾಲದುದ್ದಕ್ಕೂ ಮೆಲ್ಲಮೆಲ್ಲಗೆ ಇಳಿಯುತ್ತ ಹೋದಂತೆ ಸುತ್ತಲೂ ಒದ್ದೆ ಕೆಸರಿನ ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ನಮ್ಮ ಕಣ್ಣಿಗೆ ಅದು ಹೊಲಸು ನೆಲ. ಸೈಬೀರಿಯದಿಂದ ಬಂದವರಿಗೆ ಹಾಸಿದ ಎಲೆ. ಅದರೊಳಗೆ ಹುಳು, ಮರಿಹುಳು, ಸಣ್ಣ ಶಂಖದ ಹುಳು ತುಂಬಿರುತ್ತವೆ. ಪಂಕ್ತಿಯಲ್ಲಿ ಜಗಳವಾಗದ ಹಾಗೆ ಪ್ರಕೃತಿ ಒಂದೊಂದು ಹಕ್ಕಿಗೆ ಒಂದೊಂದು ಅಳತೆಯ ಕೊಕ್ಕು ಕೊಟ್ಟಿದೆ. ಕಿರು ಉಲ್ಲಂಕಿ ಮೇಲ್ಮೈಯಲ್ಲಿ ಸಿಕ್ಕಿದ್ದನ್ನು ಹೆಕ್ಕುತ್ತದೆ; ಹಿನ್ನೀರ ಗೊರವ ಉದ್ದನೆಯ ಕೊಕ್ಕನ್ನು ಬುಡದವರೆಗೆ ಇಳಿಸಿ ಆಳದಲ್ಲಿರುವುದನ್ನು ತೆಗೆಯುತ್ತದೆ. ಇಂಥ ಹಕ್ಕಿಗಳ ಕೊಕ್ಕಿನ ತುದಿಯಲ್ಲಿ ನಮ್ಮ ಬೆರಳ ತುದಿಗಿಂತ ಸೂಕ್ಷ್ಮವಾದ ಸ್ಪರ್ಶವಿದೆ. ಕಣ್ಣಿಗೆ ಕಾಣದ ಹುಳುವನ್ನು ಮಣ್ಣಿನೊಳಗೇ ತಡವಿ ಗುರುತಿಸಿ, ಕೊಕ್ಕಿನ ತುದಿಯೊಂದನ್ನೇ ತೆರೆದು ಹಿಡಿಯಬಲ್ಲವು. ಆರ್ಕ್ಟಿಕ್ ಪ್ರದೇಶದ ಬಯಲಿನಲ್ಲಿ ಹುಟ್ಟಿದ ಕಿರು ಉಲ್ಲಂಕಿಯ ತೂಕ 25 ಗ್ರಾಮಿನ ಆಸುಪಾಸು. ಅಂಚೆಯಲ್ಲಿ ಕಳಿಸುವ ಒಂದು ಕಾಗದದಷ್ಟು ತೂಕದ ಈ ಜೀವ ತನ್ನನ್ನು ತಾನೇ ಕಾರಂಜೆಯ ವಿಳಾಸಕ್ಕೆ ತಪ್ಪದೆ ತಲುಪಿಸಿಕೊಳ್ಳುತ್ತದೆ.

ಶಿವರಾತ್ರಿ ಕಳೆದ ಮೇಲಿನ ಒಂದು ಭಾನುವಾರ ಬೆಳಗ್ಗೆ, ಹುಮನಾಬಾದಿನಿಂದ ಬೀದರ ರಸ್ತೆ ಹಿಡಿದು ಹಳ್ಳಿಖೇಡದ ಕಡೆಯಿಂದ ನಾವು ಮೂವರು ಹಿನ್ನೀರಿನ ದಂಡೆಗೆ ಹೋದೆವು. ನನ್ನ ಜತೆಯಲ್ಲಿದ್ದ ಮಿತ್ರರಿಬ್ಬರ ಸ್ವಭಾವ ಬೇರೆ ಬೇರೆ. ಒಬ್ಬರು ಬ್ಯಾಂಕಿನಲ್ಲಿರುವವರು, ತಾವು ಈವರೆಗೆ ಕಂಡ ಹಕ್ಕಿಜಾತಿಗಳ ಪಟ್ಟಿಯೊಂದನ್ನು ವರ್ಷಗಳಿಂದ ಬೆಳೆಸಿಕೊಂಡು ಬಂದಿದ್ದಾರೆ. ಒಂದು ಜಾತಿಯನ್ನು ಒಮ್ಮೆ ಕಂಡು ಹೆಸರು ಬರೆದುಕೊಂಡರೆಂದರೆ ಅದರ ಖಾತೆ ಮುಗಿದಂತೆ. ಇನ್ನೊಬ್ಬರು ನಿವೃತ್ತ ಶಾಲಾಮಾಸ್ತರರು. ಅವರ ನೋಟುಪುಸ್ತಕದಲ್ಲಿ ಹೆಸರಿಗಿಂತ ಅಂಕಿಗಳೇ ಹೆಚ್ಚು. ಯಾವ ಹಕ್ಕಿ ಎಷ್ಟು ಎಂಬುದನ್ನು ತುಟಿಯಲ್ಲಿಯೇ ಎಣಿಸುತ್ತ ಗೀಟು ಹಾಕುತ್ತಾರೆ. ಐದನೆಯ ಗೀಟನ್ನು ಅಡ್ಡಲಾಗಿ ಎಳೆಯುತ್ತಾರೆ. ಮಾತಿನ ಅನುಕೂಲಕ್ಕಾಗಿ ಒಬ್ಬರನ್ನು ಪಟ್ಟಿಯ ಮಿತ್ರರೆಂದೂ ಇನ್ನೊಬ್ಬರನ್ನು ಎಣಿಕೆಯ ಮಿತ್ರರೆಂದೂ ಕರೆಯುತ್ತೇನೆ. ಇಬ್ಬರೂ ಸಜ್ಜನರು.

ಬಿಸಿಲೇರುವ ಮೊದಲೇ ದಂಡೆ ತುಂಬಿತ್ತು. ಕೆಂಪು ಕಡ್ಡಿಯಂಥ ಕಾಲಿನ ಮೇಲೆ ನಿಂತ ಮೆಟ್ಟುಗಾಲು ಹಕ್ಕಿಗಳು, ಬಾಲ ಕುಣಿಸುವ ಗದ್ದೆಗೊರವಗಳು, ಒಂದೇ ದಿಕ್ಕಿಗೆ ತಲೆಯಿಟ್ಟ ಹಿನ್ನೀರ ಗೊರವಗಳ ಗುಂಪು. ನೀರಿನ ನಡುವಣ ದಿಬ್ಬದ ಮೇಲೆ ನಲವತ್ತಕ್ಕೂ ಮೀರಿ ಕಡಲಕ್ಕಿಗಳು. ಚಳಿಗಾಲವೆಲ್ಲ ಬೆಳ್ಳಗಿದ್ದ ಅವುಗಳ ತಲೆಗೆ ಆಗಲೇ ಕಂದುಬಣ್ಣ ಇಳಿಯತೊಡಗಿತ್ತು. ಮರಿಮಾಡುವ ಕಾಲ ಹತ್ತಿರ ಬಂದುದರ ಗುರುತು ಅದು. ತವರಿಗೆ ಹೊರಟವರು ಪ್ರಯಾಣದ ಮುನ್ನಾ ದಿನ ಹೊಸ ರುಮಾಲು ಸುತ್ತಿಕೊಂಡು ನೋಡಿದ ಹಾಗೆ!

ಪಟ್ಟಿಯ ಮಿತ್ರರಿಗೆ ಇದೊಂದೂ ಬೇಕಿರಲಿಲ್ಲ. ಅವರು ಅರಸುತ್ತಿದ್ದುದು ಕಜಕಸ್ತಾನದ ಹುಲ್ಲುಬಯಲಿನಲ್ಲಿ ಮರಿಮಾಡುವ, ಚಳಿಗಾಲಕ್ಕೆ ವಾಯವ್ಯ ಭಾರತಕ್ಕೆ ಬರುವ, ದಕ್ಷಿಣದಲ್ಲಿ ಎಲ್ಲೋ ಎಂದೋ ಕಾಣುವ ಒಂದು ಟಿಟ್ಟಿಭವನ್ನು. ಇಂಗ್ಲಿಷಿನಲ್ಲಿ ಅದಕ್ಕೆ ಸೋಶಿಯಬಲ್ ಲ್ಯಾಪ್ವಿಂಗ್ ಎನ್ನುತ್ತಾರೆ. ಸಂಘಜೀವಿ ಎಂದು ಅರ್ಥ. ಸಂಘವೇ ಕರಗಿಹೋಗಿ ಇಂದು ಆ ಹಕ್ಕಿ ಅಳಿವಿನ ತೀರ ಅಂಚಿನಲ್ಲಿದೆ. ಮಿತ್ರರು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ದೂರದರ್ಶಕವನ್ನು ನಿಲ್ಲಿಸಿ ಕಡಲೆ ಕಿತ್ತ ಹೊಲಗಳನ್ನು ಅಂಗುಲ ಅಂಗುಲವಾಗಿ ಹುಡುಕುತ್ತಿರಲು, ಹೊಲದ ಯಜಮಾನ, ಎಪ್ಪತ್ತರ ಮುದುಕ, ಗಾಬರಿಯಿಂದ ನಮ್ಮತ್ತ ಬಂದ.

“ಏನ್ ನೋಡ್ಲತ್ತೀರಿ ಸಾಹೇಬ್ರ? ಹೊಲಾ ಅಳತಿ ಮಾಡ್ಲತ್ತೀರೇನು?”

“ಇಲ್ಲ ಕಾಕಾ, ಹಕ್ಕಿ ನೋಡಲು ಬಂದಿದ್ದೇವೆ” ಎಂದೆ.

ಅವನ ಮುಖದಿಂದ ಒಂದು ಭಾರ ಇಳಿದದ್ದು ಕಾಣಿಸಿತು. ಅವನ ಮನೆತನದ ಹೊಲದ ಹೆಚ್ಚಿನ ಭಾಗ ನೀರಿನಡಿಯಲ್ಲಿದೆ. ಕಡಲಕ್ಕಿಗಳು ಕುಳಿತ ದಿಬ್ಬದ ಕಡೆಗೆ ಬೆರಳು ಮಾಡಿ, “ಅಲ್ಲಿ ನಮ್ಮ ಬಾವಿ ಇತ್ತು” ಎಂದ. ಮೂರು ಕಾಲಿನ ಯಂತ್ರ ಹೊತ್ತುಕೊಂಡು ಬಂದವರನ್ನು ಕಂಡರೆ ಅಂಥವನಿಗೆ ಹೆದರಿಕೆಯಾಗುವುದು ಸಹಜ. ಆಮೇಲೆ ನಗುತ್ತ, “ಹಕ್ಕಿ ನೋಡ್ಲಾಕ ಯಂತ್ರ ಯಾಕ್ರಿ? ಬರ್ರಿ, ತೋರಸ್ತೀನಿ” ಎಂದು ಕರೆದುಕೊಂಡು ಹೋದ. ಉತ್ತ ಹೊಲದ ನಡುವೆ ಎರಡು ಮೊಳ ಅಗಲ ನೆಲವನ್ನು ಉಳದೆ ಬಿಟ್ಟಿತ್ತು. ಅದರಲ್ಲಿ ಬೆಣಚುಕಲ್ಲುಗಳ ನಡುವೆ, ಕಲ್ಲಿನದೇ ಬಣ್ಣದ ನಾಲ್ಕು ಮೊಟ್ಟೆ. ತಾಯಿ ಟಿಟ್ಟಿಭ ನಮ್ಮ ತಲೆಯ ಮೇಲೆ ಕಿರಿಚುತ್ತ ಸುತ್ತುತ್ತಿತ್ತು.

“ಅದರ ಮನಿ ಅದರಿ ಅಲ್ಲಿ. ಗಳ್ಯಾ ಹೊಡ್ಯಾಗ ಅಷ್ಟು ಬಿಟ್ಟೀನಿ.”

“ಇದು ಎಲ್ಲ ಕಡೆಯೂ ಇರುವ ಹಕ್ಕಿಯಪ್ಪ. ನಮಗೆ ಬೇಕಾದದ್ದು ಇದರ ದಾಯಾದಿ. ಅದು ಬಹಳ ಕಡಿಮೆ” ಎಂದರು ಪಟ್ಟಿಯ ಮಿತ್ರರು.

“ಮೊದಲೂ ಕಡಿಮಿ ಇದ್ದವೇನ್ರಿ?”

“ಇಲ್ಲ, ಮೊದಲು ಬಹಳ ಇದ್ದುವಂತೆ.”

“ಆವಾಗ ಅವನ್ನ ನೋಡ್ಲಾಕ ಮಂದಿ ಬರ್ತಿದ್ದರೇನು?”

ಮುದುಕ ಇದನ್ನು ಕುಹಕದಿಂದ ಕೇಳಲಿಲ್ಲ; ತಿಳಿದುಕೊಳ್ಳುವ ಆಸೆಯಿಂದಲೇ ಕೇಳಿದ. ಉತ್ತರ ಮಾತ್ರ ನಮ್ಮಲ್ಲಿ ಯಾರ ಬಳಿಯೂ ಇರಲಿಲ್ಲ. ಅಪರೂಪದ ಟಿಟ್ಟಿಭ ಅಂದು ಕಾಣಲೂ ಇಲ್ಲ.

ಪಟ್ಟಿಯ ಮಿತ್ರರ ಪರವಾಗಿ ಹೇಳಬೇಕಾದ ಮಾತುಂಟು. ಅದನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಹೇರಳವಾಗಿರುವ ಹಕ್ಕಿಯೊಂದು ಸತ್ತರೆ ಒಂದು ಹಕ್ಕಿ ಸತ್ತಂತೆ. ಕೊನೆಯ ಕೆಲವು ಹಕ್ಕಿಗಳಲ್ಲಿ ಒಂದು ಸತ್ತರೆ, ಲಕ್ಷಾಂತರ ವರ್ಷಗಳ ಬದುಕಿನ ರೀತಿಯೊಂದು ಅಷ್ಟರಮಟ್ಟಿಗೆ ಮುಗಿಯಿತು. ಮುಗಿದದ್ದು ಮರಳುವುದಿಲ್ಲ. ಮನೆಗೆ ಬೆಂಕಿ ಬಿದ್ದಾಗ ಮುದ್ರಿತ ಪುಸ್ತಕವನ್ನು ಬಿಟ್ಟು, ಬೇರೆ ಪ್ರತಿಯಿಲ್ಲದ ತಾಳೆಗರಿಯ ಕಟ್ಟನ್ನು ಮೊದಲು ಹೊರಗೆ ತರುವವನನ್ನು ಯಾರು ಆಕ್ಷೇಪಿಸುತ್ತಾರೆ? ವಿರಳವಾದುದಕ್ಕೆ ನಮ್ಮ ಅವಸರದ ಮೇಲೆ ಹಕ್ಕಿದೆ, ಒಪ್ಪತಕ್ಕ ಮಾತೇ. ಆದರೆ ಅವಸರ ಬೇರೆ, ಬೆಲೆ ಬೇರೆ. ಕಾಯಿಲೆ ಬಿದ್ದ ಮಗುವಿನ ಹತ್ತಿರ ತಾಯಿ ರಾತ್ರಿಯೆಲ್ಲ ಕೂರುತ್ತಾಳೆ. ಅಷ್ಟರಿಂದ ಉಳಿದ ಮಕ್ಕಳು ಅವಳಿಗೆ ಕಡಿಮೆಯವರೆಂದು ಯಾರೂ ಹೇಳುವುದಿಲ್ಲ.

ಇಷ್ಟೇ ಅಲ್ಲ, ‘ವಿರಳ’ ಎಂಬುದು ಹಕ್ಕಿಯ ಗುಣವೂ ಅಲ್ಲ, ನಮ್ಮ ಲೆಕ್ಕದ ಮಾತು. ಸಂಘಜೀವಿ ಟಿಟ್ಟಿಭಕ್ಕೆ ತಾನು ವಿರಳವೆಂಬುದು ಗೊತ್ತಿಲ್ಲ. ಮುದುಕನ ಹೊಲದ ಟಿಟ್ಟಿಭಕ್ಕೆ ತಾನು ಸಾಮಾನ್ಯವೆಂಬುದು ಗೊತ್ತಿಲ್ಲ. ತನ್ನ ನಾಲ್ಕು ಮೊಟ್ಟೆಗಳ ಮೇಲೆ ಅದು ಕಿರಿಚಿದ್ದು ‘ನನ್ನಂಥವರು ಬಹಳ ಮಂದಿ ಇದ್ದಾರೆ, ಹೋದರೆ ಹೋಗಲಿ’ ಎಂಬ ಸಮಾಧಾನದಿಂದಲ್ಲ. ಪಂಚತಂತ್ರದಲ್ಲಿ ಟಿಟ್ಟಿಭ ದಂಪತಿಗಳ ಕಥೆಯೊಂದಿದೆ. ಸಮುದ್ರ ಅವುಗಳ ಮೊಟ್ಟೆಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಗಂಡುಹಕ್ಕಿ ಸಮುದ್ರವನ್ನೇ ಬತ್ತಿಸುತ್ತೇನೆಂದು ಹಟ ಹಿಡಿಯುತ್ತದೆ. ಹಕ್ಕಿಗಳೆಲ್ಲ ಸೇರಿ ಗರುಡನಲ್ಲಿಗೆ ಹೋಗುತ್ತವೆ. ಕೊನೆಗೆ ಸಮುದ್ರ ಹೆದರಿ ಮೊಟ್ಟೆಗಳನ್ನು ಹಿಂದಕ್ಕೆ ಕೊಡುತ್ತದೆ. ಕಥೆ ಕಟ್ಟಿದವನು ರಾಜಹಂಸವನ್ನು ಆರಿಸಿಕೊಳ್ಳಬಹುದಾಗಿತ್ತು. ಹೊಲಹೊಲದಲ್ಲಿಯೂ ಇರುವ, ಯಾರೂ ತಿರುಗಿ ನೋಡದ ಹಕ್ಕಿಯನ್ನು ಆರಿಸಿದ. ಆ ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹ 11ನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದವನು; ಮುಂದೆ ಕಲ್ಯಾಣವನ್ನು ರಾಜಧಾನಿ ಮಾಡಿಕೊಂಡ ವಂಶ ಅದೇ.

ಮುದುಕನ ಪ್ರಶ್ನೆಗೆ ಮರಳೋಣ. ವಿರಳವಾದುದು ವಿರಳವಾಗುವ ಮೊದಲು ಏನಾಗಿತ್ತು? ಬಹುಮಟ್ಟಿಗೆ ಸಾಮಾನ್ಯವಾಗಿತ್ತು. ತೆಳುಕೊಕ್ಕಿನ ಗೊರವವೆಂಬ ಹಕ್ಕಿ ಒಂದು ಕಾಲಕ್ಕೆ ಮೆಡಿಟರೇನಿಯನ್ ಸಮುದ್ರದ ಸುತ್ತಲ ತೀರಗಳಿಗೆ ಚಳಿಗಾಲದಲ್ಲಿ ಹಿಂಡುಹಿಂಡಾಗಿ ಬರುತ್ತಿತ್ತು. ಅದರ ಗೂಡನ್ನು ಕಂಡು ವಿವರ ಬರೆದಿಟ್ಟವನು ಉಷಕೋವ್ ಎಂಬ ರಷ್ಯದವನೊಬ್ಬನೇ. 1909ರಿಂದ 1925ರ ನಡುವೆ, ಸೈಬೀರಿಯದ ತಾರಾ ಎಂಬ ಊರಿನ ಬಳಿ. ಸಾಮಾನ್ಯ ಹಕ್ಕಿಯ ಗೂಡನ್ನು ಹುಡುಕಿಕೊಂಡು ಹೋಗುವ ಅಗತ್ಯ ಬೇರೆಯವರಿಗೆ ತೋರಲಿಲ್ಲ. ಹಕ್ಕಿ ಅಪರೂಪವಾಯಿತೆಂದು ತಿಳಿದ ಮೇಲೆ ದುರ್ಬೀನು ಹಿಡಿದವರು ಮೊರಾಕೋದ ಮೆರ್ಜಾ ಜೆರ್ಗಾ ಎಂಬ ಹಿನ್ನೀರಿಗೆ ಯಾತ್ರೆ ಹೋದರು. 1995ರ ಫೆಬ್ರವರಿಯಲ್ಲಿ ಅಲ್ಲಿ ಕಂಡದ್ದೇ ಕೊನೆ. 2025ರಲ್ಲಿ ಆ ಜಾತಿ ಅಳಿದುಹೋಯಿತೆಂದು ಘೋಷಿಸಲಾಯಿತು. ನಮ್ಮಲ್ಲಿಯ ಬಿಳಿಬೆನ್ನಿನ ರಣಹದ್ದಿನ ಕಥೆಯೂ ಹೀಗೆಯೆ. ಊರ ಹೊರಗಿನ ಸತ್ತ ದನದ ಮೇಲೆ ನೂರಾರು ಕೂತಿರುತ್ತಿದ್ದಾಗ ಅವನ್ನು ಎಣಿಸಿದವರು ಕಡಿಮೆ. 1992ರಿಂದ 2007ರ ಒಳಗೆ ಭಾರತದಲ್ಲಿ ಸಾವಿರಕ್ಕೆ ಒಂದರಂತೆ ಉಳಿದವು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧವೇ ಕಾರಣವೆಂದು ತಿಳಿದು, ದನಗಳಿಗೆ ಅದನ್ನು ಕೊಡಬಾರದೆಂಬ ನಿಷೇಧ 2006ರಲ್ಲಿ ಬರುವ ಹೊತ್ತಿಗೆ ಬಯಲುಗಳು ಬರಿದಾಗಿದ್ದವು.

ನಾವು ಅಪರೂಪವೆಂದು ಆದರಿಸುವುದು ಬಹಳ ಸಲ ನಮ್ಮ ಹಿಂದಿನ ಅನಾದರದ ಉಳಿಕೆಯೇ. ನಾಳೆಯ ಅಪರೂಪ ಇವತ್ತು ಹೊಲದ ಬದುವಿನಲ್ಲಿ ಕಿರಿಚುತ್ತಿರಬಹುದು. ಅದನ್ನು ಕಾಯುವ ಕಾಲ ಅದು ಅಪರೂಪವಾದ ಮೇಲೆ ಬರುವುದಿಲ್ಲ, ಈಗಲೇ ಇದೆ.

ಮಧ್ಯಾಹ್ನ ಹುಮನಾಬಾದಿಗೆ ಮರಳಿ ಊಟ ಮುಗಿಸಿ, ಹೆದ್ದಾರಿಯಲ್ಲಿ ರಾಜೇಶ್ವರ ದಾಟಿ, ಸಸ್ತಾಪುರ ಬಂಗ್ಲಾದಲ್ಲಿ ತಿರುಗಿ ಬಸವಕಲ್ಯಾಣ ಸೇರಿದೆವು. ತ್ರಿಪುರಾಂತ ಕೆರೆಯ ಏರಿಯ ಮೇಲೆ ಕೂತಾಗ ಕಂಡವು ಬೆಳ್ಳಕ್ಕಿ, ನಾಮದ ಕೋಳಿ, ಒಂದೆರಡು ಗದ್ದೆಗೊರವ. ಪಟ್ಟಿಯ ಮಿತ್ರರು ದುರ್ಬೀನನ್ನು ಚೀಲಕ್ಕೆ ಹಾಕಿದರು. ಎಣಿಕೆಯ ಮಿತ್ರರು ಗೀಟು ಎಳೆಯುತ್ತಲೇ ಇದ್ದರು. ಆ ಊರಿನಲ್ಲಿ ಕೂತಾಗ ಈ ಪ್ರಶ್ನೆಗೆ ಇನ್ನಷ್ಟು ಹಿನ್ನೆಲೆ ಒದಗಿತು. 12ನೆಯ ಶತಮಾನದ ಕಲ್ಯಾಣದಲ್ಲಿ ನಡೆದ ವಾದ ಒಂದು ರೀತಿಯಲ್ಲಿ ಇದೇ ಅಲ್ಲವೆ? ಕೆಲವರ ಹುಟ್ಟು ದುರ್ಲಭ, ಆದುದರಿಂದ ಅವರು ಹಿರಿಯರು. ಉಳಿದವರು ಊರ ತುಂಬ ಇದ್ದಾರೆ, ಆದುದರಿಂದ ಕಿರಿಯರು ಎಂಬ ಎಣಿಕೆಯನ್ನು ಅಲ್ಲಿಯವರು ಒಪ್ಪಲಿಲ್ಲ. ದೋಣಿ ನಡೆಸುವ ಚೌಡಯ್ಯ, ಬಟ್ಟೆ ಒಗೆಯುವ ಮಾಚಯ್ಯ, ಚಪ್ಪಲಿ ಹೊಲಿಯುವ ಹರಳಯ್ಯ ಎಂದು ಕಸುಬಿನೊಡನೆ ಒಬ್ಬೊಬ್ಬರ ಹೆಸರನ್ನೂ ಇಂದಿಗೂ ನೆನೆಯುತ್ತೇವೆ. ಅಸಂಖ್ಯಾತರಲ್ಲಿ ಒಬ್ಬನಾಗಿರುವುದು ಹೀನತೆಯಲ್ಲವೆಂದು ಆ ಊರು ಒಮ್ಮೆ ಹೇಳಿತು. ಹೇಳಿದ್ದಕ್ಕೆ ಬೆಲೆಯನ್ನೂ ತೆತ್ತಿತು.

ಅದೇ ಕಲ್ಯಾಣದಲ್ಲಿ ಅದಕ್ಕೂ ಮೊದಲು, 6ನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹಕ್ಕು ಬರುವುದು ತಂದೆ ತೀರಿಕೊಂಡ ಮೇಲಲ್ಲ, ಹುಟ್ಟಿನಿಂದಲೇ ಎಂಬುದು ಅದರ ಪ್ರಸಿದ್ಧ ನಿರ್ಣಯ. ಆದುದರಿಂದ ತಂದೆ ಆ ಆಸ್ತಿಯನ್ನು ಮನಸ್ಸಿಗೆ ಬಂದಂತೆ ಕಳೆಯುವ ಹಾಗಿಲ್ಲ. ಸ್ಮೃತಿಕಾರರು ಮನುಷ್ಯರ ಆಸ್ತಿಯ ಮಾತನಾಡಿದರು. ಹಕ್ಕಿಗಳ ಪಾಲನ್ನು ಅವರ ಬಾಯಲ್ಲಿ ಹಾಕುವುದು ಸರಿಯಲ್ಲ. ಆದರೂ ಆ ತರ್ಕವನ್ನು ನಮ್ಮ ಮಟ್ಟಿಗೆ ಸ್ವಲ್ಪ ದೂರ ಎಳೆಯಬಹುದು. ನೀರಿನಂಚು ನಮ್ಮೊಬ್ಬರ ಗಳಿಕೆಯಲ್ಲ. ಹುಟ್ಟಿದ ಮಾತ್ರಕ್ಕೆ ಅದರಲ್ಲಿ ಪಾಲುಳ್ಳವರು ಹಲವರಿದ್ದಾರೆ. ಮುಂದಿನ ಚಳಿಗಾಲ ಬರಬೇಕಾದ ಉಲ್ಲಂಕಿ ಈಗ ಇನ್ನೂ ಮೊಟ್ಟೆಯೂ ಆಗಿಲ್ಲ. ಹಿಸ್ಸೆಯ ಪತ್ರದಲ್ಲಿ ಅದಕ್ಕೂ ಒಂದು ಗೆರೆ ಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದಿದ್ದರೆ ಈ ಬರಹ ಪಟ್ಟಣದವನ ಉಪದೇಶವಾಗಿಬಿಡುತ್ತದೆ. ‘ಹಕ್ಕಿಗಳಿಗಾಗಿ ನೀರಿನಂಚನ್ನು ಬಿಡಿ’ ಎಂದು ದಂಡೆಯಲ್ಲಿ ನಿಂತು ಹೇಳುವುದು ನನಗೆ ಬಲು ಸುಲಭ, ನನ್ನದೇನೂ ಹೋಗುವುದಿಲ್ಲ. ಸಂಜೆಯ ಬಸ್ಸಿಗೆ ಹೊರಡುವವನು ನಾನು. ಹೊಲವನ್ನು ನೀರಿಗೆ ಕೊಟ್ಟು, ಉಳಿದ ತುಂಡಿನಲ್ಲಿ ಕಡಲೆ ಬೆಳೆದು, ಅದರಲ್ಲಿಯೂ ಎರಡು ಮೊಳ ನೆಲವನ್ನು ಟಿಟ್ಟಿಭಕ್ಕೆ ಬಿಟ್ಟವನು ಆ ಮುದುಕ. ಅವನಿಗೆ ನಾನು ಧರ್ಮ ಹೇಳುವುದು ಹೋಗಲಿ, ಅವನಿಂದ ಇನ್ನಷ್ಟು ತ್ಯಾಗವನ್ನು ಕೇಳುವ ಅಧಿಕಾರವೂ ನನಗಿಲ್ಲ. ಹಕ್ಕಿಯ ಪಾಲನ್ನು ನಮ್ಮ ಸಮಾಜ ನಿಜವಾಗಿ ಒಪ್ಪುವುದಾದರೆ ಅದರ ಖರ್ಚನ್ನು ಎಲ್ಲರಿಗಿಂತ ಬಡವನ ಹೊಲದಿಂದ ಮುರಿದುಕೊಳ್ಳಬಾರದು.

ಹಾಗಾದರೆ ನನ್ನಂಥವನು ಮಾಡತಕ್ಕದ್ದೇನು? ಎಣಿಕೆಯ ಮಿತ್ರರ ಗೀಟುಗಳಲ್ಲಿ ನನಗೆ ಒಂದು ಉತ್ತರ ಕಾಣುತ್ತದೆ. 1987ರಿಂದ ನಮ್ಮ ಉಪಖಂಡದಲ್ಲಿ ಪ್ರತಿ ಜನವರಿಯಲ್ಲಿ ಏಷ್ಯಾ ಜಲಪಕ್ಷಿ ಗಣತಿ ನಡೆಯುತ್ತ ಬಂದಿದೆ. ಸಂಬಳವಿಲ್ಲದ ಸಾಮಾನ್ಯರು ತಮ್ಮ ತಮ್ಮ ಕೆರೆಗಳಿಗೆ ಹೋಗಿ ಅಲ್ಲಿರುವ ನೀರುಹಕ್ಕಿಗಳನ್ನೆಲ್ಲ ಎಣಿಸಿ ಬರೆಯುತ್ತಾರೆ. ಈ ಗಣತಿಯ ನ್ಯಾಯವೇ ಬೇರೆ. ಪಟ್ಟಿಯಲ್ಲಿ ಒಂದು ಜಾತಿಗೆ ಒಂದೇ ಸಾಲು. ಮೊದಲನೆಯ ಮೆಟ್ಟುಗಾಲು ಹಕ್ಕಿಯನ್ನು ಬರೆದ ಮೇಲೆ ಎರಡನೆಯದು ಪಟ್ಟಿಯ ಪಾಲಿಗೆ ಇಲ್ಲ. ಎಣಿಕೆಯಲ್ಲಿ ನೂರಾ ಒಂದನೆಯ ಮೆಟ್ಟುಗಾಲು ಹಕ್ಕಿಗೂ ಮೊದಲನೆಯದರಷ್ಟೇ ತೂಕ, ಒಂದು ಗೀಟು. ಪಟ್ಟಿ ನೋಡಿದವನ ಭಾಗ್ಯವನ್ನು ಹೇಳುತ್ತದೆ, ಎಣಿಕೆ ಹಕ್ಕಿಯ ಸ್ಥಿತಿಯನ್ನು ಹೇಳುತ್ತದೆ. ಹೋದ ವರ್ಷ ಮುನ್ನೂರಿದ್ದದ್ದು ಈ ವರ್ಷ ನೂರೆಪ್ಪತ್ತಾಯಿತು ಎಂಬುದು ಎಣಿಸಿದವನಿಗೆ ಮಾತ್ರ ತಿಳಿಯುತ್ತದೆ. ಆಗ ಕೂಗಿ ಹೇಳಲು ಇನ್ನೂ ಹೊತ್ತಿರುತ್ತದೆ.

ಸಾಮಾನ್ಯವಾದುದನ್ನು ಎಣಿಸುವುದು ಬೇಸರದ ಕೆಲಸ, ನಿಜ. ದಿನವೂ ಕಾಣುವುದರ ಕಡೆಗೆ ದಿನವೂ ಕಣ್ಣಿಡುವುದು ಸಂಸಾರದಲ್ಲಿಯೂ ಬೇಸರದ ಕೆಲಸವೇ. ಆದರೂ ಸಂಸಾರ ನಡೆಯುವುದು ಅದರಿಂದ. ಓದುಗರಲ್ಲಿ ಹೆಚ್ಚಿನವರ ಊರಿನಲ್ಲಿ ಕಾರಂಜೆಯಂಥ ಜಲಾಶಯ ಇರಲಾರದು. ಅರ್ಧ ಮುಚ್ಚಿಹೋದ ಒಂದು ಕೆರೆ, ಒಂದು ಹೊಂಡ ಇದ್ದೀತು. ಬರುವ ಜನವರಿಯ ಒಂದು ಬೆಳಗ್ಗೆ ಅಲ್ಲಿಗೆ ಹೋಗಿ ಬೆಳ್ಳಕ್ಕಿ ಎಷ್ಟು, ನಾಮದ ಕೋಳಿ ಎಷ್ಟು, ಟಿಟ್ಟಿಭ ಎಷ್ಟು ಎಂದು ಬರೆದಿಡಬಹುದು. ಹೆಸರು ತಿಳಿಯದಿದ್ದರೆ ಅಕ್ಕಪಕ್ಕದ ಹೊಲದವರನ್ನು ಕೇಳಬಹುದು. ಅವುಗಳ ಮನೆ ಎಲ್ಲಿದೆ
ಎಂಬುದು ಅವರಿಗೆ ಗೊತ್ತಿರುತ್ತದೆ.